ಇಳಿಜಾರಿಗೆ ಮೂತಿ ಮಾಡಿ ನಿಲ್ಲಿಸಿದ ಪಿಕಪ್

ಅಣ್ಣಾ,

ಅಣ್ಣ ತಂಗಿ ನಾವಿಬ್ಬರೂ ಜಗಳಾಡಿದ್ದೆಲ್ಲ ತುಳುವಿನಲ್ಲಿ. ಕಾಗದಕ್ಕೆ ಮಾತ್ರ ಶಾಲೆಯಲ್ಲಿ ಕಲಿತ ಈ ಕನ್ನಡ. ಹಾಗಾಗಿ ಸ್ವಲ್ಪ ಮರ್ಯಾದೆಯಲ್ಲೇ ಬೈಯುತ್ತೇನೆ, ಕೇಳು.

ನೀನು ಹೋಗಿ ಮೂರು ತಿಂಗಳಿಗೆ ನಾನು ಅಂಗಳ ಸಮ ಮಾಡಿಸಿದೆ. ನೀನು ನಿಲ್ಲಿಸುತ್ತಿದ್ದ ಹಾಗೆ ಇಳಿಜಾರಿಗೆ ಮೂತಿ ಮಾಡಿ ನಿಂತ ಪಿಕಪ್ಪಿಗೆ ನಮ್ಮ ಬಾಡಿಗೆ ಶಾಮಿಯಾನದ ಕಂಬ, ಕುರ್ಚಿ, ಪಾತ್ರೆ ಹೇರಿ ಹೇರಿ ನನ್ನ ಸೊಂಟ ಬಿದ್ದುಹೋಗಿತ್ತು. ಸಮ ಮಾಡಿಸಿದ ಮರುದಿನ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲಿಲ್ಲ. ಅದರ ಮರುದಿನವೂ ಇಲ್ಲ. ವಿಟ್ಲದ ಒಂದು ಮದುವೆಗೆ ನಮ್ಮ ಕುರ್ಚಿ ತಲುಪುವಾಗ ಧಾರೆ ಮುಗಿದಿತ್ತು.

ಆ ಸಂಜೆ ಅತ್ತಿಗೆ ನನ್ನ ಮುಖವನ್ನೂ ನೋಡದೆ ಹೇಳಿದರು, "ಅವರಿರುವಾಗ ಒಂದು ದಿನ ಕೈಕೊಟ್ಟ ಗಾಡಿ ಅಲ್ಲ ಶಶಿ. ನಿನ್ನ ಕೈಗೆ ಬಂದದ್ದೇ ಹೀಗಾಯಿತು. ಗುಜರಿಗೆ ಕೊಟ್ಟುಬಿಡುವ." ನೀನು ನನಗೆ ಡ್ರೈವಿಂಗ್ ಕಲಿಸಿದ ಗಾಡಿಯನ್ನು ನಾನೇ ಹಾಳು ಮಾಡಿದೆನಾ? ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಮಾಣಿಯಿಂದ ಮೆಕ್ಯಾನಿಕ್ ಹಮೀದಾಕ ಬಂದರು. ಫೀಡ್ ಪಂಪು ಬಿಚ್ಚಿ ಅಂಗೈಯಲ್ಲಿಟ್ಟು ತೋರಿಸಿದರು. ಒಳಗೆಲ್ಲ ಸವೆದಿತ್ತು.

"ಟ್ಯಾಂಕಿಯಿಂದ ಡೀಸೆಲ್ ಎಳೆಯುವುದು ಇದು. ಸವೆದರೆ ರಾತ್ರಿ ಡೀಸೆಲ್ ವಾಪಸ್ ಟ್ಯಾಂಕಿಗೆ ಇಳಿತದೆ, ಪೈಪಿನಲ್ಲಿ ಗಾಳಿ ತುಂಬ್ತದೆ. ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ಹಿಂದಿನ ಟ್ಯಾಂಕಿ ಮೇಲೆ ಇರ್ತದೆ, ಡೀಸೆಲ್ ಇಳಿಯುವುದಿಲ್ಲ. ನಿನ್ನ ಅಣ್ಣ ಎಷ್ಟು ಸಮಯದಿಂದ ಹಾಗೆ ನಿಲ್ಲಿಸ್ತಿದ್ದ?"

"ಮೂರು ವರ್ಷ ಆಗಿರಬಹುದು."

"ಪಂಪು ಹೊಸತು ಹಾಕುವ ಅಂತ ನಾನು ಎರಡು ಸಲ ಹೇಳಿದ್ದೇನೆ. 'ಅಂಗಳ ಇಳಿಜಾರು ಉಂಟಲ್ಲ ಹಮೀದಾಕ, ಸಾಕು' ಅಂತ ನಗಾಡಿದ."

ಹೊಸ ಪಂಪು ಕೂತಿತು. ಅದರ ಗುಂಡಿಯನ್ನು ಒತ್ತಿ ಒತ್ತಿ ಹಮೀದಾಕ ಗಾಳಿ ಹೊರಗೆ ಹಾಕಿದರು. ನೊರೆ ಹೋಗಿ ಬರೀ ಡೀಸೆಲ್ ಬಂದಾಗ ನಾನು ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್. "ನಿನ್ನನ್ನು ಸುಮ್ಮನೆ ಬೈದೆ," ಎಂದರು ಅತ್ತಿಗೆ. ಗುಜರಿಯ ಮಾತು ಅಲ್ಲಿಗೆ ನಿಂತಿತು. ನನಗೆ ಸಮಾಧಾನ ಆಗಬೇಕಿತ್ತು. ಬಂದದ್ದು ಸಿಟ್ಟು, ಅದೂ ನಿನ್ನ ಮೇಲೆ.

ಬಸ್ ಸ್ಟಾಪಿನಿಂದ ನಮ್ಮ ಮನೆಗೆ ಹತ್ತುವ ಏರು ನೆನಪುಂಟಾ? ಕೊನೆಯ ವರ್ಷ ನೀನು ಗೇಟು ಗೇಟಿಗೂ ನಿಂತು ಮಾತಾಡುತ್ತಿದ್ದೆ. ಹಲಸಿನ ಮರದ ಕೆಳಗೆ ನಿಂತು ಉಟ್ಟ ಮುಂಡು ಬಿಚ್ಚಿ ಕಟ್ಟುತ್ತಿದ್ದೆ. "ಎಂಥ ಪಂಚಾತಿಕೆ ಮಾರಾಯ ನಿನ್ನದು, ಬೇಗ ಬಾ," ಎಂದು ನಾನು ಮೇಲಿನಿಂದ ಕೂಗುತ್ತಿದ್ದೆ. ನಿನಗೆ ಬೇಕಿದ್ದದ್ದು ಮಾತಲ್ಲ, ಉಸಿರು. ಅದನ್ನೂ ಆ ಪಂಪಿನ ಹಾಗೆಯೇ ಸುಧಾರಿಸಿಕೊಂಡು ಹೋದೆ. ಮೂಡುಬಿದಿರೆಯ ಮದುವೆ ಹಾಲ್‌ನ ಮೆಟ್ಟಿಲಲ್ಲಿ ಕುರ್ಚಿ ಇಳಿಸಿ ಕೂತವನು ಮತ್ತೆ ಏಳಲಿಲ್ಲ. ಒಂದು ಮಾತು ಹೇಳಿದ್ದರೆ ನಾವು ನಿನ್ನನ್ನು...

ಹೋದ ವಾರ ಅದೇ ಹಲಸಿನ ಮರದ ಕೆಳಗೆ ನಾನು ಮೊಬೈಲ್ ಕಿವಿಗೆ ಹಿಡಿದು ನಿಂತಿದ್ದೆ. ಫೋನು ಯಾರದ್ದೂ ಬಂದಿರಲಿಲ್ಲ. ಅತ್ತಿಗೆ ಮೇಲಿನಿಂದ ನೋಡಿದರು, ಕೂಗಲಿಲ್ಲ. ನಾಲ್ಕು ದಿನ ನಾನೂ ಬಾಯಿ ಬಿಡಲಿಲ್ಲ. ನಿನ್ನ ತಂಗಿಯಲ್ಲವಾ? ಇವತ್ತು ಬೆಳಿಗ್ಗೆ ಚಹಾ ಕುಡಿಯುವಾಗ ಹೇಳಿಬಿಟ್ಟೆ, "ಅತ್ತಿಗೆ, ಏರು ಹತ್ತುವಾಗ ನನಗೆ ಉಸಿರು ಸಿಗುವುದಿಲ್ಲ." ಅವರು ಲೋಟ ಕೆಳಗಿಟ್ಟು ಸೀರೆ ಬದಲಿಸಲು ಹೋದರು.

ಇದನ್ನು ಬಂಟ್ವಾಳದ ಆಸ್ಪತ್ರೆಯ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ. ಅತ್ತಿಗೆ ನನ್ನ ಚೀಟಿ ಹಿಡಿದು ಪಕ್ಕದಲ್ಲಿದ್ದಾರೆ. ಡಾಕ್ಟರು ಏನು ಹೇಳುತ್ತಾರೋ ಗೊತ್ತಿಲ್ಲ, ಹೆದರಿಕೆ ಉಂಟು. ಏನೇ ಹೇಳಲಿ, ಮನೆಯಲ್ಲಿ ಮುಚ್ಚಿಡುವುದಿಲ್ಲ. ಪಿಕಪ್ಪನ್ನು ಹೊರಗೆ ಸಮ ಜಾಗದಲ್ಲೇ ನಿಲ್ಲಿಸಿ ಬಂದಿದ್ದೇನೆ ಅಣ್ಣ.

ನಿನ್ನ ತಂಗಿ,
ಶಶಿ