ಅಕ್ಕನ ವ್ಯಾನಿನ ಹೊಗೆ ತಪಾಸಣೆ

ಮಾರ್ಚ್ ೧೪, ಗುರುವಾರ

ನಾಳೆ ಅಕ್ಕನ ಶಾಲಾ ವ್ಯಾನಿಗೆ ಹೊಗೆ ತಪಾಸಣೆ. ಇವತ್ತು ನನ್ನ ಗ್ಯಾರೇಜಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಬಿಚ್ಚಿ, ಟಾರ್ಚ್ ಬಿಟ್ಟು ನೋಡಿದೆ. ಹೊಗೆ ಶುದ್ಧ ಮಾಡುವ ಒಳಗಿನ ಜಾಲರಿ ಕರಗಿ ಮುದ್ದೆಯಾಗಿದೆ. ಹೊಸದು ಬರಲು ತಿಂಗಳಾದರೂ ಬೇಕಂತೆ. ಅದನ್ನೇ ಮತ್ತೆ ಜೋಡಿಸಿದೆ.

"ಇಂಜಿನ್ ಯಾಕೋ ಮುಗ್ಗರಿಸ್ತಿದೆ ಕಣೋ" ಎಂದು ಅಕ್ಕ ಎರಡು ತಿಂಗಳ ಹಿಂದೆಯೇ ಹೇಳಿದ್ದಳು. "ಏನೂ ಆಗಲ್ಲ, ಓಡಿಸು" ಅಂದವನು ನಾನೇ. ಆಗಲೇ ಒಂದು ಸ್ಪಾರ್ಕ್ ಪ್ಲಗ್ ಬದಲಿಸಿದ್ದರೆ ಸಾಕಿತ್ತು. ಇಂಜಿನ್ನಿನಲ್ಲಿ ಉರಿಯದೆ ಉಳಿದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅದನ್ನೇ ಸುಟ್ಟಿತು.

ಸಂಜೆ ವ್ಯಾನ್ ಒಪ್ಪಿಸಿ, ನಿಜ ಹೇಳೋಣವೆಂದು ನಿಂತೆ. ಅವಳು ಆಗಲೇ ಗಾಜು ಒರೆಸತೊಡಗಿದ್ದಳು.

"ಪಾಸಾಗತ್ತೆ ತಾನೆ? ಇಲ್ಲಾಂದ್ರೆ ಶಾಲೆಯವರು ಬೇರೆ ವ್ಯಾನ್ ನೋಡ್ಕೋತಾರಂತೆ."

"ಆಗತ್ತಕ್ಕಾ" ಅಂದುಬಿಟ್ಟೆ.

ಅವಳು ನಂಬಿದಳು. ನಾಳೆ ಯಂತ್ರದ ಮುಂದೆ ಅವಳ ಪಕ್ಕದಲ್ಲೇ ನಿಂತಿರಬೇಕು. ಫೇಲ್ ಎಂದು ಬಂದು ಅವಳು ನನ್ನ ಕಡೆ ತಿರುಗಿದಾಗ ನಾನು ಏನು ಹೇಳಲಿ?