ಜಬ್ಬಾರನ ಮಗನಿಗೆ ಕೊಟ್ಟ ಅಭಯ

ರುವೈಶಿದ್,
ನವೆಂಬರ್ ೧೪, ಶುಕ್ರವಾರ

ನನ್ನ ಮುದ್ದಿನ ಅರೀಜ್‌ಗೆ ಅಮ್ಮನ ಸಲಾಂ ಮತ್ತು ಮುತ್ತುಗಳು.

ನೀನು, ಅಳಿಯಂದಿರು, ಮಗು ಎಲ್ಲರೂ ದೇವರ ದಯೆಯಿಂದ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಬರೆಯುವುದು ತಡವಾಯಿತು, ಮುನಿಸಿಕೊಳ್ಳಬೇಡ. ಫೋನಿದ್ದೂ ಕಾಗದ ಯಾಕೆ ಎಂದು ನಗುತ್ತೀ, ಗೊತ್ತು. ನಾನು ಫೋನ್ ಮಾಡಿದಾಗಲೆಲ್ಲ ನಿನ್ನ ಅತ್ತೆ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂರುತ್ತಾರೆ. ನನ್ನ ಮಂಡಿನೋವಿನ ಸುದ್ದಿ ಅಕಬಾ ಊರಿಗೆಲ್ಲ ತಿಳಿದ ಮೇಲೆ ನಿನಗೆ ಮುಟ್ಟುತ್ತದೆ. ಅದಕ್ಕೇ ಇದನ್ನು ನಿಮ್ಮೂರಿಗೆ ಹೊರಟಿರುವ ನರ್ಸ್ ಫದ್ವಾಳ ಕೈಗೆ ಕೊಡುತ್ತಿದ್ದೇನೆ.

ನಮ್ಮೂರ ಹತ್ತಿರದ ಗಡಿ ತೆರೆದ ಮೇಲೆ ಇರಾಕಿ ಲಾರಿಗಳು ನಿಮ್ಮ ಬಂದರಿಗೇ ಬಂದು ಸರಕು ತುಂಬಿಕೊಳ್ಳುವುದನ್ನು ನೀನೇ ನೋಡುತ್ತಿದ್ದೀ. ಮೊದಲಾದರೆ ನಮ್ಮ ಲಾರಿ, ಅವರ ಲಾರಿ ಗಡಿಯ ಅಂಗಳದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದವು. ಅಕ್ಕಿ ಮೂಟೆ ಇದರಿಂದ ಅದಕ್ಕೆ ದಾಟುತ್ತಿತ್ತು, ಎರಡು ಮನೆಯ ಒಲೆಯೂ ಉರಿಯುತ್ತಿತ್ತು. ನಮ್ಮವರೂ ಬಗ್ದಾದಿನವರೆಗೆ ಹೋಗಬಹುದು ಎಂದು ರೇಡಿಯೋದವರು ಹೇಳಿದರು. ಹೋಗಬಹುದು, ಬೇಡ ಅಂದವರ್ಯಾರು? ಅವರ ಡೀಸೆಲ್ ನೀರಿನ ಬೆಲೆಗೆ, ನಮ್ಮದು ಅತ್ತರಿನ ಬೆಲೆಗೆ. ಸರಕಿನ ಯಜಮಾನ ಯಾರನ್ನು ಕರೆದಾನು? ನಿನ್ನಪ್ಪನ ಲಾರಿ ಬೇಸಿಗೆಯಿಂದ ಮನೆ ಮುಂದೆಯೇ ನಿಂತಿದೆ. ನೆರೆಮನೆಯ ಕೋಳಿಗಳು ಅದರ ಕೆಳಗೆ ಸಂಸಾರ ಹೂಡಿವೆ. ದಿನಾ ಬೆಳಿಗ್ಗೆ ಎಂಜಿನ್ ಶುರು ಮಾಡಿ, ಸ್ವಲ್ಪ ಹೊತ್ತು ಸೀಟಿನಲ್ಲಿ ಕೂತು, ಆರಿಸಿ ಇಳಿದು ಬರುತ್ತಾರೆ. ನೋಡಲಾಗುವುದಿಲ್ಲ ಮಗಳೇ. ಅಪ್ಪನ ಜೊತೆ ಅದೇ ಲಾರಿ ಓಡಿಸುತ್ತಿದ್ದ ನಿನ್ನ ತಮ್ಮ ರಕಾನನ ಮದುವೆಯೂ ಮುಂದಕ್ಕೆ ಹೋಯಿತು. ಹುಡುಗಿಯ ಕಡೆಯವರು ಈಗ ನನ್ನ ಸಲಾಮಿಗೆ ಅರ್ಧ ಉತ್ತರ ಕೊಟ್ಟು ಮುಂದೆ ಹೋಗುತ್ತಾರೆ.

ಗಡಿಯಾಚೆ ರಮಾದಿಯ ಜಬ್ಬಾರ್ ನೆನಪಿದ್ದಾನೆಯೇ? ನಿನ್ನಪ್ಪನ ಲಾರಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದವನು. ನಾನು ಕಟ್ಟಿ ಕಳಿಸಿದ ಮಕ್ಲೂಬಾ ಅನ್ನವನ್ನು ಇಬ್ಬರೂ ಟೈರಿನ ನೆರಳಲ್ಲಿ ಕೂತು ತಿನ್ನುತ್ತಿದ್ದರು. ಖಾಲಿ ಡಬ್ಬಿಯಲ್ಲಿ ಅವನು ಖರ್ಜೂರ ತುಂಬಿ ಕಳಿಸುತ್ತಿದ್ದ. ಗಡಿ ತೆರೆದ ಮೇಲೆ ಮೊದಲ ಸಲ ನಮ್ಮ ಮನೆಗೇ ಬಂದ, ಮಗ ಮುಹನ್ನದ್‌ನನ್ನೂ ಕರೆದುಕೊಂಡು. ಅದೇ ವಾರ ಟೈರ್ ಅಂಗಡಿಯ ಖಲಫ್‌ನ ಹತ್ತಿರ ನಮ್ಮ ಚಾಲಕರೆಲ್ಲ ಸೇರಿ, ಇರಾಕಿ ಲಾರಿಗಳನ್ನು ಈ ಊರು ದಾಟಲು ಬಿಡುವುದಿಲ್ಲ ಎಂದು ಮಾತಾಡಿಕೊಂಡಿದ್ದರು. ನಿನ್ನಪ್ಪನೂ ತಲೆಯಾಡಿಸಿ ಬಂದಿದ್ದರು.

ರಕಾನ್ ಕಾಫಿ ಬಗ್ಗಿಸಿ ಕೊಟ್ಟ. ಜಬ್ಬಾರ್ ಬಟ್ಟಲನ್ನು ತುಟಿಗಿಡದೆ ನೆಲದ ಮೇಲಿಟ್ಟ. ಹಾಗಿಟ್ಟರೆ ಅತಿಥಿ ಏನೋ ಬೇಡಲು ಬಂದಿದ್ದಾನೆ ಎಂದು ಯಾರಿಗೆ ಗೊತ್ತಿಲ್ಲ? ಏನು ಬೇಕು ಎಂದಾದರೂ ಕೇಳಬಹುದಿತ್ತು. ನಿನ್ನಪ್ಪನ ದೊಡ್ಡಸ್ತಿಕೆ ನಿನಗೆ ಗೊತ್ತಲ್ಲ. ಲಾರಿ ನಿಲ್ಲಿಸಲು ಜಾಗ ಕೇಳುತ್ತಾನೆ ಎಂದುಕೊಂಡರಂತೆ.

“ಕುಡಿ ಜಬ್ಬಾರ್. ನೀನು ಬಂದ ಕೆಲಸ ಆಯ್ತು ಅಂದ್ಕೋ,” ಅಂದರು.

ಜಬ್ಬಾರ್ ಕುಡಿದ. ಆಮೇಲೆ, ಎಂದಿನಂತೆ ರಕಾನನ ಅಪ್ಪನೆಂದೇ ಕರೆದು, ಬಾಯಿಬಿಟ್ಟ. “ನನಗೆ ಕಣ್ಣು ಮಂಜಾಗಿದೆ, ಅಬು ರಕಾನ್. ಇನ್ಮೇಲೆ ಈ ದಾರೀಲಿ ನನ್ನ ಮಗ ಓಡಾಡ್ತಾನೆ. ನಿಮ್ಮೋರು ಏನು ಮಾತಾಡ್ಕೊಂಡಿದಾರೆ ಅಂತ ಕೇಳ್ದೆ. ಇವನು ನಿನ್ನ ಅಭಯದಲ್ಲಿರ್ಲಿ.”

ಕೊಟ್ಟ ಮಾತನ್ನು ಎಲ್ಲಿಂದ ಹಿಂದಕ್ಕೆ ತರುವುದು? ಈ ಹುಡುಗನ ಮೇಲೆ ಕೈ ಮಾಡಿದವನು ನನ್ನ ಮುಖಕ್ಕೆ ಮಸಿ ಬಳಿದ ಹಾಗೆ ಎಂದು ನಿನ್ನಪ್ಪ ಅಂದರು. ರಕಾನ್ ಕಾಫಿ ಪಾತ್ರೆ ಅಲ್ಲೇ ಇಟ್ಟು ಹೊರಗೆ ಹೋದ. ಮರುದಿನದಿಂದ ಅಂಗಡಿಯ ಮುಂದೆ ನಿನ್ನಪ್ಪನಿಗೆ ಕೂರಲು ಯಾರೂ ಸ್ಟೂಲ್ ಸರಿಸುತ್ತಿಲ್ಲ. “ಇರಾಕಿ ರಾಯಭಾರಿ ಬಂದ್ರು, ದಾರಿ ಬಿಡ್ರಪ್ಪ,” ಎಂದು ಖಲಫ್‌ನ ಮಗ ಔದಾ ಅಣಕಿಸಿದನಂತೆ.

ಹೋದ ಮಂಗಳವಾರ ಸಂಜೆ ಊರಾಚೆಯ ತಿರುವಿನಲ್ಲಿ ಯಾರೋ ಮುಹನ್ನದ್‌ನ ಲಾರಿಗೆ ಕಲ್ಲೆಸೆದರು. ಗಾಜು ಒಡೆದು ಹುಡುಗನ ಎಡಗಣ್ಣು ಹೋಯಿತು. ಆ ಕಣ್ಣಿಗೆ ಇನ್ನು ದೃಷ್ಟಿ ಬರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಜಬ್ಬಾರ್ ಬೈಯಲಿಲ್ಲ. “ನಿನ್ನ ಮಾತಿದೆಯಲ್ಲ ಅಬು ರಕಾನ್, ನನಗೆ ಅಷ್ಟು ಸಾಕು,” ಎಂದು ಹೇಳಿ ಕಳಿಸಿದ. ಬೈದಿದ್ದರೆ ಚೆನ್ನಾಗಿತ್ತು.

ಈಗ ಅಭಯ ಮುರಿದವನನ್ನು ಹುಡುಕಿ ಜಬ್ಬಾರನ ಮುಂದೆ ನಿಲ್ಲಿಸುವ ಹೊಣೆ ನಿನ್ನಪ್ಪನದು. ಮನೆಮನೆ ತಿರುಗಿದರು. ಕೊನೆಗೆ ಅಣಕಿಸಿದ ಔದಾನ ಮೇಲೇ ಬೊಟ್ಟು ಮಾಡಿದರು. ಖಲಫ್ ಕೆಂಡವಾದ. ಅವನು ಹೇಳಿದ್ದು ಇಷ್ಟು: “ನನ್ನ ಮನೆಯವ್ರಲ್ಲ ಅಂತ ನಾನು ಪ್ರಮಾಣ ಮಾಡ್ತೀನಿ. ನಿನ್ನ ಮನೆಯವ್ರಲ್ಲ ಅಂತ ನೀನು ಮಾಡ್ತೀಯಾ?” ನಿನ್ನಪ್ಪ ಒಂದು ಕ್ಷಣವೂ ಯೋಚಿಸದೆ ಹೂಂ ಅಂದರು. ಭಾನುವಾರ ಬುಡಕಟ್ಟಿನ ಹಿರಿಯ ಶೇಖ್ ಅವರ ಮನೆಯಲ್ಲಿ, ಜಬ್ಬಾರನ ಎದುರು, ಕುರಾನ್ ಮುಟ್ಟಿ ಇಬ್ಬರೂ ಪ್ರಮಾಣ ಮಾಡಬೇಕು.

ಬಂದರಿನಲ್ಲಿ ರಕಾನನಿಗೆ ಯಾವುದಾದರೂ ಕೆಲಸ ಇದೆಯೇ ಎಂದು ಅಳಿಯಂದಿರನ್ನು ಕೇಳು. ಮೂಟೆ ಹೊರುವುದಾದರೂ ಸರಿ. ನಾಳೆಯೇ ಬಸ್ಸು ಹತ್ತಿಸುತ್ತೇನೆ ಎಂದರೆ ನಿನ್ನಪ್ಪ ಒಪ್ಪುತ್ತಿಲ್ಲ. ಪ್ರಮಾಣದ ದಿನ ಮನೆಯ ಗಂಡಸರೆಲ್ಲ ಜೊತೆಗಿರಬೇಕು ಎನ್ನುತ್ತಾರೆ. ಮಗುವಿಗೆ ಚಳಿ ತಾಗದಂತೆ ನೋಡಿಕೋ. ನಾನು ಹೆಣೆದ ಟೋಪಿ ಚುಚ್ಚುತ್ತದೆ ಎಂದು ಬಿಚ್ಚಬೇಡ. ದೇವರು ನಿನ್ನ ಮನೆಯನ್ನು ತುಂಬಿದಂತೆಯೇ ಇಟ್ಟಿರಲಿ, ನಿನ್ನ ಮಡಿಲು ತಂಪಾಗಿರಲಿ.

ನಿನ್ನ ಅಮ್ಮ,
ಹುಸ್ನಿಯಾ

ಮತ್ತೆ: ಇದನ್ನು ಬರೆಯಬಾರದೆಂದುಕೊಂಡಿದ್ದೆ. ಆದರೆ ಯಾರಿಗಾದರೂ ಹೇಳದಿದ್ದರೆ ನನ್ನ ಎದೆ ಒಡೆದುಹೋಗುತ್ತದೆ. ಕಲ್ಲೆಸೆದವನು ರಕಾನ್. ಮಂಗಳವಾರ ಅಡುಗೆಮನೆಗೆ ಬಂದು ನನ್ನ ಕಾಲ ಹತ್ತಿರ ಕುಸಿದು ಕೂತ. “ಗಾಜಿಗೆ ಹೊಡ್ದೆ ಯಮ್ಮಾ, ಹೆದರ್ಸೋಕೆ. ಅವನ ಕಣ್ಣಿಗೆ ಅಂತ ಅಲ್ಲ,” ಎಂದ. ನಾನು ಹೇಳಿದರೆ ನಿನ್ನಪ್ಪ ತಮ್ಮ ಕೈಯಾರೆ ಮಗನನ್ನು ಕರೆದೊಯ್ದು ಜಬ್ಬಾರನಿಗೆ ಒಪ್ಪಿಸುತ್ತಾರೆ, ಮಗನೆಂದು ಬಿಡುವವರಲ್ಲ. ಹೇಳದಿದ್ದರೆ ದೇವರ ಪುಸ್ತಕ ಮುಟ್ಟಿ ಸುಳ್ಳಾಡುತ್ತಾರೆ, ಔದಾನಿಗೆ ಕಳಂಕ ಉಳಿಯುತ್ತದೆ. ಹೂಂ ಎನ್ನುವಾಗ ಅವರು ರಕಾನನ ಕಡೆ ತಿರುಗಿಯೂ ನೋಡಲಿಲ್ಲವಂತೆ, ಮಗನ ಮೇಲೆ ಅಷ್ಟು ನಂಬಿಕೆ. ಭಾನುವಾರಕ್ಕೆ ಬಿಳಿ ನಿಲುವಂಗಿ ಇಸ್ತ್ರಿ ಮಾಡಿಡು ಎಂದಿದ್ದರು. ಮಾಡಿಟ್ಟಿದ್ದೇನೆ.