ಬಳೆಯ ಪಿನ್ನು

ಅತ್ತೆ,

ಎದುರಿಗೆ ಕೇಳಲು ಬಾಯಿ ಬರಲಿಲ್ಲ. ಅದಕ್ಕೇ ಈ ಚೀಟಿಯನ್ನು ನಿಮ್ಮ ಕನ್ನಡಕದ ಪಕ್ಕ ಇಟ್ಟು ಬೆಲ್ವ್ಯೂ ಆಫೀಸಿಗೆ ಹೊರಟಿದ್ದೇನೆ.

ನಮ್ಮ ಇಂಚರಾ ಹಿಮದ ಮೇಲೆ ಕೂತು ಜಾರುವ ಸ್ನೋ ಟ್ಯೂಬಿನ ಗಾಳಿ ಮತ್ತೆ ಹೋಗಿದೆ. ಮೊದಲನೆಯದು ಹೋದಾಗ ಅಂಗಡಿಯವನನ್ನು ಬೈದೆ. ಎರಡನೆಯದಕ್ಕೆ ಪಕ್ಕದ ಮನೆಯ ನಾಯಿಯ ಮೇಲೆ ಅನುಮಾನಪಟ್ಟೆ. ಆದರೆ ಈ ಸಲದ್ದು ಇನ್ನೂ ಹಿಮವನ್ನೇ ಕಂಡಿಲ್ಲ. ಗ್ಯಾರೇಜಿನಲ್ಲಿ ಇಟ್ಟಲ್ಲೇ ತೂತಾಗಿದೆ, ಸೂಜಿ ಮೊನೆಯಷ್ಟು. ನಿಮ್ಮ ಬಳೆಯಲ್ಲಿ ಸದಾ ತೂಗುವ ಪಿನ್ನು ನಿನ್ನೆಯಿಂದ ಅಲ್ಲಿಲ್ಲ.

ನಿಮ್ಮ ಮಗನನ್ನು ಕೇಳಿದೆ. "ಅವ್ವಂಗೆ ಟ್ಯೂಬ್ ಅಂದ್ರೆ ಹೊಳೇನೇ ನೆನಪಾಗೋದು ಕಣೇ. ನಮ್ ಸೋದರಮಾವ ಲಾರಿ ಟ್ಯೂಬ್ ಹಾಕ್ಕೊಂಡು ಈಜೋಕ್ ಹೋದೋರು ವಾಪಸ್ ಬರ್ಲಿಲ್ಲ," ಎಂದರು. ಇಷ್ಟು ವರ್ಷ ನನಗೆ ಯಾರೂ ಹೇಳಿರಲಿಲ್ಲ.

ಮಗು ಜಾರುವ ಗುಡ್ಡದಲ್ಲಿ ನೀರಿಲ್ಲ, ಅತ್ತೆ. ಸಂಜೆ ದಪ್ಪ ತಳದ, ಗಟ್ಟಿ ಟ್ಯೂಬ್ ತರುತ್ತೇನೆ. ಶನಿವಾರ ನೀವೂ ಬನ್ನಿ. ಅದಕ್ಕೆ ಕಟ್ಟಿರುವ ಹಗ್ಗ ನಿಮ್ಮ ಕೈಯಲ್ಲೇ ಇರಲಿ, ಧೈರ್ಯ ಬಂದಾಗ ಬಿಟ್ಟರಾಯಿತು.

ಪಿನ್ನು ಗ್ಯಾರೇಜಿನಲ್ಲಿ ಸಿಕ್ಕಿತು. ಈ ಚೀಟಿಗೇ ಚುಚ್ಚಿಟ್ಟಿದ್ದೇನೆ, ಬಳೆಗೆ ಹಾಕಿಕೊಳ್ಳಿ.

ನಿಮ್ಮ ಸೊಸೆ,
ನವ್ಯಾ